ಮಕ್ಕಳ ಬೆಂಚಿನಲ್ಲಿ ಕೂತು ನೋಡಿದ್ದು

ಕಾರವಾರದ ಹತ್ತಿರ, ಮೀನುಗಾರರ ಮನೆಯ ಮಕ್ಕಳೇ ಜಾಸ್ತಿ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕ. ಸ್ಯಾಟ್ಸ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಮಕ್ಕಳ ಮಾಹಿತಿ ಎಂಟ್ರಿ, ಬಿಸಿಯೂಟದ ಲೆಕ್ಕ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಕೇಳುವ ಮಾಹಿತಿ, ಎಲ್ಲ ಮಧ್ಯಾಹ್ನದ ಮೇಲೆ. ಬೆಳಗಿನ ಒಂದು ಪೀರಿಯಡ್ ಯಾರಾದರೂ ಶಿಕ್ಷಕರ ತರಗತಿಯಲ್ಲಿ ಪಾಠ ನೋಡಲು ಕೂರುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯ ಹೇಳುತ್ತದೆ. ಸಮಯಕ್ಕೆ ಬರಬೇಕು, ಪಾಠ ಮುಗಿಸಬೇಕು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. ಪ್ರತಿ ಮಗುವಿನ ಕಲಿಕೆ ನೋಡಿ, ಬೇಕಾದವರಿಗೆ ಹೆಚ್ಚು ಹೇಳಿಕೊಡಬೇಕು ಅಂತಲೂ ಅಲ್ಲೇ ಇದೆ. ನನಗೆ ಮುಖ್ಯ ಅನಿಸುವುದು ಇದು. ಹಾಜರಿ ಪುಸ್ತಕ ನೋಡಿದರೆ ಇದು ತಿಳಿಯುವುದಿಲ್ಲ, ಅಲ್ವಾ?

ಅದಕ್ಕೇ ತರಗತಿಯಲ್ಲಿ ಕೂತಾಗ ಹಾಳೆಯಲ್ಲಿ ಬೆಂಚುಗಳ ಚಿತ್ರ ಬರೆದುಕೊಳ್ಳುತ್ತೇನೆ. ಯಾವ ಮಗುವಿಗೆ ಪ್ರಶ್ನೆ ಹೋಯಿತೋ ಅಲ್ಲೊಂದು ಗೆರೆ. ಐದನೇ ತರಗತಿಗೆ ಗಣಿತ ತೆಗೆದುಕೊಳ್ಳುವ ಅಕ್ಕೋರು ಒಳ್ಳೆಯ ಪಾಠಗಾರರು. ಆದರೆ ಅವರ ಭಿನ್ನರಾಶಿ ಪಾಠ ಮುಗಿದಾಗ ಗೆರೆಗಳೆಲ್ಲ ಮುಂದಿನ ಬೆಂಚುಗಳಲ್ಲೇ. ಕಿಟಕಿ ಕಡೆಯ ಹಿಂದಿನ ಬೆಂಚಿನ ಮಕ್ಕಳಿಗೆ ಒಂದು ಗೆರೆಯೂ ಇಲ್ಲ. ಮಾತಾಡದೆ ಅಕ್ಕೋರಿಗೆ ಹಾಳೆ ಕೊಟ್ಟೆ.

“ಅವರ ಮನೆಮಾತು ಕೊಂಕಣಿ ಮಾಸ್ತರೇ, ಕನ್ನಡದಲ್ಲಿ ಕೇಳಿದರೆ ಬಾಯಿ ಬಿಡುವುದಿಲ್ಲ” ಅಂದರು.

“ಕೊಂಕಣಿಯಲ್ಲೇ ಹೇಳಲಿ ಬಿಡಿ. ಮನೆಯಲ್ಲಿ ಮೀನು ಪಾಲು ಹಾಕುವುದನ್ನು ದಿನಾ ನೋಡುವ ಮಕ್ಕಳು. ಅರ್ಧ, ಕಾಲು ಗೊತ್ತಿಲ್ಲದೆ ಇರುತ್ತದಾ?”

ಮುಂದೆ ನಾನು ಹೋದಾಗ ಅಕ್ಕೋರು ಬೋರ್ಡಿನ ಮೇಲೆ ಹನ್ನೆರಡು ಬಂಗುಡೆ ಮೀನು ಬರೆದಿದ್ದರು. ಮೂರು ದೋಣಿಗೆ ಸಮ ಪಾಲು ಹೇಗೆ ಅಂತ ಪ್ರಶ್ನೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು, ನಾಲ್ಕು ನಾಲ್ಕಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಮೂರನೇ ಒಂದು ಅಂತ ಬರೆದಳು. ಹೇಳಿದ್ದು ಕೊಂಕಣಿಯಲ್ಲಿ, ಬರೆದದ್ದು ಕನ್ನಡದಲ್ಲಿ.

ಶಿಕ್ಷಕರಿಗೆ ಒಂದು ಮಾತು ಮೊದಲೇ ಕೊಟ್ಟಿದ್ದೇನೆ. ಈ ಹಾಳೆ ಫೈಲಿಗೆ ಹೋಗುವುದಿಲ್ಲ, ಯಾರ ಮೇಲೂ ವರದಿಯಾಗುವುದಿಲ್ಲ. ಇಲ್ಲದಿದ್ದರೆ ನಾನು ಕೂತಾಗ ಮಾತ್ರ ಚಂದದ ಪಾಠ ನಡೆಯುತ್ತದೆ ಅಷ್ಟೇ. ನನ್ನ ಏಳನೇ ತರಗತಿಯ ಪಾಠಕ್ಕೂ ಶಿಕ್ಷಕರು ಅದೇ ಹಾಳೆ ಹಿಡಿದು ಬಂದು ಕೂರುತ್ತಾರೆ.

ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಸಭೆ ಸಂಜೆಗೆ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಬೆಳಿಗ್ಗೆ ಕರೆದರೆ ಮೀನು ಮಾರಲು ಹೋದ ತಾಯಂದಿರು ಬರುವುದು ಹೇಗೆ? ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಅಪ್ಪಂದಿರೂ ಊರಲ್ಲಿ ಸಿಗುತ್ತಾರೆ. ಮಕ್ಕಳ ನೋಟ್‌ಬುಕ್ ತೋರಿಸಿ ಮಾತಾಡಲು ನಾವು ಹಿಡಿಯುವುದು ಆ ಎರಡು ತಿಂಗಳನ್ನೇ.