ಮನೆಯ ಇಂಟರ್‌ನೆಟ್ ಬಳಕೆಗೆ ನಾನು ಲೆಕ್ಕ ಇಟ್ಟ ಬಗೆ

ನಮ್ಮ ಮನೆಯ ಫೈಬರ್ ಸಂಪರ್ಕದ ವೇಗ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್), ತಿಂಗಳ ಮಿತಿ 1000 ಜಿಬಿ. ಮಿತಿ ಮುಗಿದರೆ ಸಂಪರ್ಕ ನಿಲ್ಲುವುದಿಲ್ಲ, ವೇಗ 4 ಎಂಬಿಪಿಎಸ್‌ಗೆ ಇಳಿಯುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದ್ದರಿಂದ, ನಿಯಮದ ಪ್ರಕಾರ ಇದೂ ಬ್ರಾಡ್‌ಬ್ಯಾಂಡೇ. ಆದರೆ ಮಗಳ ಆನ್‌ಲೈನ್ ತರಗತಿ, ನನ್ನ ಕಚೇರಿಯ ವಿಡಿಯೋ ಸಭೆ ಮತ್ತು ಟಿವಿ ಒಟ್ಟಿಗೆ ನಡೆಯುವ ಮನೆಗೆ ಅದು ಏನೇನೂ ಸಾಲದು. ತಿಂಗಳ ಕೊನೆಯ ವಾರ ಬಂತೆಂದರೆ ಈ ಪಾಡು, ಮತ್ತು ಎಲ್ಲರ ಬೆರಳೂ ಮಗನ ಮೊಬೈಲಿನ ಕಡೆಗೆ.

ಸೇವಾದಾತರ ಆ್ಯಪ್ ಒಟ್ಟು ಬಳಕೆಯನ್ನಷ್ಟೇ ತೋರಿಸುತ್ತದೆ, ಯಾವ ಸಾಧನ ಎಷ್ಟು ಬಳಸಿತೆಂದು ಹೇಳುವುದಿಲ್ಲ. ಹಾಗಾಗಿ ಅವರು ಕೊಟ್ಟ ಪೆಟ್ಟಿಗೆಯ ವೈಫೈಯನ್ನು ನಿಲ್ಲಿಸಿ, ಅದರ ಹಿಂದೆ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶವಿರುವ ನನ್ನದೇ ರೌಟರನ್ನು ಜೋಡಿಸಿದೆ. ಎನ್‌ಎಲ್‌ಬಿಡಬ್ಲ್ಯುಮಾನ್ ಎಂಬ ಸಣ್ಣ ತಂತ್ರಾಂಶ ಅದರಲ್ಲಿ ಪ್ರತಿ ಸಾಧನದ ಬಳಕೆಯನ್ನೂ ಪ್ರತ್ಯೇಕವಾಗಿ ಬರೆದಿಡುತ್ತದೆ. ಇಲ್ಲಿ ಒಂದು ತೊಡಕುಂಟು. ಈಗಿನ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಮರೆಮಾಚಿ ಬೇರೊಂದನ್ನು ಕೊಡುವುದರಿಂದ ಪಟ್ಟಿಯಲ್ಲಿ ಅಪರಿಚಿತರು ಕಾಣಿಸಿಕೊಳ್ಳುತ್ತಾರೆ. ಮನೆಯ ವೈಫೈಗೆ ಮಾತ್ರ ಆ ಸೌಲಭ್ಯವನ್ನು ತೆಗೆದ ಮೇಲೆ ಪಟ್ಟಿ ಸರಿಹೋಯಿತು.

ಲೆಕ್ಕ ಸಿಕ್ಕಾಗ ಮಗನ ಫೋನ್ ಮೂರನೆಯ ಸ್ಥಾನದಲ್ಲಿತ್ತು. ಮೊದಲನೆಯದು ಟಿವಿ. 4ಕೆ ಚಿತ್ರ ಗಂಟೆಗೆ ಸುಮಾರು 7 ಜಿಬಿ ನುಂಗುತ್ತದೆ, ದಿನಕ್ಕೆ ಎರಡು ಗಂಟೆ ನೋಡಿದರೂ ತಿಂಗಳಿಗೆ 420 ಜಿಬಿ. ಎರಡನೆಯದನ್ನು ಯಾರೂ ಊಹಿಸಿರಲಿಲ್ಲ: ಗೇಟಿನ ಸಿಸಿಟಿವಿ ಕ್ಯಾಮೆರಾ. ಅದು 1 ಎಂಬಿಪಿಎಸ್ ವೇಗದಲ್ಲಿ ಹಗಲಿರುಳೂ ದೃಶ್ಯವನ್ನು ಕ್ಲೌಡ್‌ಗೆ ಕಳಿಸುತ್ತಿತ್ತು. ಎಂಟು ಬಿಟ್‌ಗೆ ಒಂದು ಬೈಟ್ ಎಂದು ಲೆಕ್ಕ ಹಾಕಿದರೆ ದಿನಕ್ಕೆ 10.8 ಜಿಬಿ, ತಿಂಗಳಿಗೆ 320ಕ್ಕೂ ಹೆಚ್ಚು; ನಮ್ಮ ಯೋಜನೆಯಲ್ಲಿ ಅಪ್‌ಲೋಡ್ ಕೂಡ ಮಿತಿಗೆ ಸೇರುತ್ತದೆ. ಕ್ಯಾಮೆರಾಗೆ ಮೆಮೊರಿ ಕಾರ್ಡ್ ಹಾಕಿ, ಚಲನೆ ಕಂಡಾಗ ಮಾತ್ರ ಕ್ಲೌಡ್‌ಗೆ ಕಳಿಸುವಂತೆ ಮಾಡಿದೆ. ಟಿವಿಯ ಗುಣಮಟ್ಟವನ್ನು ಎಚ್‌ಡಿಗೆ ಇಳಿಸಿದೆ. ನಮ್ಮ ಸಣ್ಣ ಪರದೆಯಲ್ಲಿ ಅತ್ತೆಯವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಹಿಂದಿನ ಕೋಣೆಯಲ್ಲಿ ವೇಗ ಸಿಗದಿದ್ದುದು ಬೇರೆಯೇ ವಿಷಯ. ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ ಅಳೆದಾಗ ಪೂರ್ತಿ ವೇಗ ಬಂದಿದ್ದರಿಂದ, ಕೊರತೆ ಗೋಡೆ ದಾಟಲಾರದ 5 ಗಿಗಾಹರ್ಟ್ಸ್ ವೈಫೈಯದೆಂದು ಖಚಿತವಾಯಿತು. ಅಲ್ಲಿಗೊಂದು ಕೇಬಲ್ ಎಳೆಸಿದೆ.

ಮನೆಯವರು ಏನು ನೋಡುತ್ತಾರೆಂಬುದನ್ನು ದಾಖಲಿಸುವ ಸೌಲಭ್ಯವೂ ರೌಟರಿನಲ್ಲಿದೆ, ಕನಿಷ್ಠಪಕ್ಷ ತಾಣಗಳ ಹೆಸರುಗಳ ಮಟ್ಟಿಗೆ. ಅದನ್ನು ನಾನು ಬಳಸಿಲ್ಲ. ಎಷ್ಟು ಬಳಸಿದರೆಂಬುದು ಇಡೀ ಮನೆಗೆ ಸೇರಿದ ವಿಷಯ, ಏನು ಓದಿದರೆಂಬುದು ಅವರವರದು. ಅಂಕಿಗಳ ಪುಟವನ್ನು ಎಲ್ಲರೂ ತೆರೆದು ನೋಡಬಹುದು, ನನ್ನ ಲ್ಯಾಪ್‌ಟಾಪಿನ ಸಾಲೂ ಅದರಲ್ಲಿದೆ. ಮಕ್ಕಳ ಸಲುವಾಗಿ, ವಯಸ್ಕರ ತಾಣಗಳನ್ನು ತಡೆಯುವ 1.1.1.3 ಎಂಬ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಅಂಕಿ ವಿಳಾಸವನ್ನು ಹುಡುಕಿಕೊಡುವ ಸೇವೆ) ವಿಳಾಸವನ್ನು ರೌಟರಿನಲ್ಲಿ ಹಾಕಿದ್ದೇನೆ. ಫೋನಿನ ಸ್ವಂತ ಡಿಎನ್‌ಎಸ್ ಬದಲಿಸಿದರೆ ಅಥವಾ ಮೊಬೈಲ್ ಡೇಟಾಗೆ ಹೋದರೆ ಅದು ತಡೆಯಲಾರದೆಂದು ಹತ್ತನೆಯ ತರಗತಿಯ ಮಗನಿಗೂ ಗೊತ್ತು. ಆದ್ದರಿಂದ ರಾತ್ರಿ ಹತ್ತೂವರೆಗೆ ಫೋನನ್ನು ನಡುಮನೆಯಲ್ಲಿಡಬೇಕೆಂಬ ನಿಯಮವನ್ನು ರೌಟರಿಗೆ ಬಿಡದೆ ಅವನೊಡನೆ ಮಾತನಾಡಿಯೇ ಗೊತ್ತುಮಾಡಿಕೊಂಡೆ.