ಜೆರೊನಿಮೊ ಬದುಕನ್ನು ಓದುವುದು ಹೇಗೆ

ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರ ಹೋರಾಟಗಾರ ಜೆರೊನಿಮೊ ಬಗ್ಗೆ ಓದಲು ಕೂತರೆ ದಯವಿಟ್ಟು ಅವನು 1886ರಲ್ಲಿ ಅಮೆರಿಕದ ಸೈನ್ಯಕ್ಕೆ ಶರಣಾದಲ್ಲಿಂದ ಶುರು ಮಾಡಬೇಡಿ. ಪಕ್ಕದಲ್ಲೊಂದು ನಕ್ಷೆ ಇಟ್ಟುಕೊಳ್ಳಿ. ಮೊದಲು ಅಮೆರಿಕದ ನೈಋತ್ಯದಲ್ಲಿರುವ ಗಿಲಾ ನದಿಯ ಮೇಲ್ಭಾಗ ಹುಡುಕಿ. ಅವನು ಹುಟ್ಟಿದ್ದು ಆ ಸೀಮೆಯಲ್ಲಿ, 1820ರ ದಶಕದಲ್ಲಿ. ಅಲ್ಲಿಂದ ಬೆರಳನ್ನು ಕೆಳಗೆ ಸರಿಸಿದರೆ ಮೆಕ್ಸಿಕೊದ ಹಾನೋಸ್ ಊರು ಸಿಗುತ್ತದೆ.

ಇಲ್ಲಿ ನಿಧಾನಿಸಿ. ಅಪಾಚೆ ಗಂಡಸರು ವ್ಯಾಪಾರಕ್ಕೆಂದು ಊರಿಗೆ ಹೋಗಿದ್ದಾಗ ಮೆಕ್ಸಿಕೊದ ಸೈನಿಕರು ಅವರ ಬಿಡಾರದ ಮೇಲೆ ಬಿದ್ದರು. ಅವನ ತಾಯಿ, ಹೆಂಡತಿ ಅಲೋಪೆ, ಮೂವರು ಮಕ್ಕಳು ಸತ್ತರು. ಮೆಕ್ಸಿಕೊ ಮೇಲಿನ ಅವನ ದ್ವೇಷ ಸುಮ್ನೆ ಹುಟ್ಟಿದ್ದಲ್ಲ. ಮುಪ್ಪಿನಲ್ಲಿ ಅವನೇ ಹೇಳಿ ಬರೆಸಿದ ಕಥೆಯಲ್ಲಿ ಇದು ನಡೆದದ್ದು 1858ರಲ್ಲಿ. ಇತಿಹಾಸಕಾರರು ಹೇಳುವುದು 1851. ನಾನು ವರ್ಷಕ್ಕೆ ಇತಿಹಾಸಕಾರರನ್ನು ನಂಬುತ್ತೇನೆ, ನೋವಿಗೆ ಅವನನ್ನೇ. ಇನ್ನೊಂದು ವಿಷಯ. ಆ ಕಥೆ ಹೇಳುವಾಗ ಅವನು ಅಮೆರಿಕದ ಸೈನ್ಯದ ಕೈದಿ. ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ್ದು ಅಪಾಚೆಯವನೇ ಆದ ಡಕ್ಲೂಗಿ, ಬರೆದುಕೊಂಡದ್ದು ಒಬ್ಬ ಬಿಳಿಯ. ಹಾಗಾಗಿ ಹೇಳದೆ ಬಿಟ್ಟದ್ದನ್ನೂ ಗಮನಿಸಿ.

ಎಲ್ಲಾದರೂ ಅವನನ್ನು ಬುಡಕಟ್ಟಿನ ಮುಖ್ಯಸ್ಥ ಎಂದು ಬರೆದಿದ್ದರೆ ಅಂಚಿನಲ್ಲಿ ತಿದ್ದಿಕೊಳ್ಳಿ. ಕೊನೆಯ ವರ್ಷಗಳ ಹೋರಾಟದಲ್ಲಿ ಮುಖ್ಯಸ್ಥನಾಗಿದ್ದವನು ನೈಚೆ, ಹಿಂದಿನ ಅಪಾಚೆ ಮುಖ್ಯಸ್ಥ ಕೊಚೀಸ್‌ನ ಮಗ. ಜೆರೊನಿಮೊ ಯುದ್ಧ ನಾಯಕ, ಮದ್ದು ಮಂತ್ರ ಬಲ್ಲವನು.

ಅಮೆರಿಕದ ಸೈನ್ಯ ಅವನನ್ನು ಬೆನ್ನಟ್ಟಿದ ಕಥೆಗಳು ಬೇಕಾದಷ್ಟಿವೆ, ಅವನ್ನು ಬೇಗ ಓದಿ ಮುಗಿಸಬಹುದು. ಒಂದು ಲೆಕ್ಕ ಮಾತ್ರ ನೆನಪಿರಲಿ: ಹೆಂಗಸರು ಮಕ್ಕಳೂ ಸೇರಿ 40 ಜನರೂ ಇಲ್ಲದ ಗುಂಪಿನ ಹಿಂದೆ ಅಮೆರಿಕದ ಸುಮಾರು 5,000 ಸೈನಿಕರು!

ಜಾಸ್ತಿ ಜನ ಪುಸ್ತಕ ಮುಚ್ಚುವುದು 1886ರ ಸೆಪ್ಟೆಂಬರ್ 4ಕ್ಕೆ, ಅರಿಜೋನಾದ ಸ್ಕೆಲಿಟನ್ ಕಣಿವೆಯಲ್ಲಿ ಅವನು ಶರಣಾದಾಗ. ನೀವು ಮುಚ್ಚಬೇಡಿ. ಇನ್ನೂ 22 ವರ್ಷ ಬಾಕಿ ಇದೆ, ಅಷ್ಟೂ ಸೆರೆಯಲ್ಲಿ. ಫ್ಲೋರಿಡಾ, ಅಲಬಾಮಾ, 1894ರಿಂದ ಒಕ್ಲಹೋಮದ ಫೋರ್ಟ್ ಸಿಲ್. ಅವನನ್ನು ಹುಡುಕಿ ಶರಣಾಗುವಂತೆ ಮಾತಾಡಿದ, ಅಮೆರಿಕದ ಸೈನ್ಯಕ್ಕೆ ದಾರಿ ತೋರಿಸುತ್ತಿದ್ದ ಅಪಾಚೆ ಸ್ಕೌಟ್‌ಗಳಾದ ಮಾರ್ಟೀನ್ ಮತ್ತು ಕಯೀಟಾ ಅವರನ್ನೂ ಸರ್ಕಾರ ಸೆರೆಗೆ ತಳ್ಳಿತು. ಇದೆಂಥ ನ್ಯಾಯ? 1904ರ ಸೇಂಟ್ ಲೂಯಿಸ್ ಮೇಳದಲ್ಲಿ ಅವನನ್ನು ಜನರಿಗೆ ತೋರಿಸಲು ಕೂರಿಸಿದರು. ಅಲ್ಲಿ ಅವನು ತನ್ನ ಫೋಟೊ ಮಾರುತ್ತಿದ್ದ. 1905ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮುಂದೆ ನಿಂತು, ಅರಿಜೋನಾಕ್ಕೆ ವಾಪಸ್ ಕಳಿಸಿ ಎಂದು ಬೇಡಿಕೊಂಡ. ಒಪ್ಪಲಿಲ್ಲ. 1909ರ ಫೆಬ್ರವರಿ 17ರಂದು ನ್ಯುಮೋನಿಯಾದಿಂದ ತೀರಿಕೊಂಡಾಗಲೂ ಅವನು ಕೈದಿಯೇ.

ಓದು 1913ರವರೆಗೆ ಸಾಗಲಿ. ಅವನ ಜನರಿಗೆ ಬಿಡುಗಡೆ ಸಿಕ್ಕಿದ್ದು ಆಗ. ಹೆಚ್ಚಿನವರು ನ್ಯೂ ಮೆಕ್ಸಿಕೊದಲ್ಲಿರುವ ಅಪಾಚೆಗಳ ಮೀಸಲು ಪ್ರದೇಶ ಮೆಸ್ಕಲೆರೊಗೆ ಹೋದರು, ಉಳಿದವರು ಒಕ್ಲಹೋಮದಲ್ಲೇ ನೆಲೆಸಿದರು. ಮುಂದೆ ಓದಬೇಕಾದದ್ದು ಈ ಎರಡೂ ಕಡೆಯ ಅಪಾಚೆ ಕುಟುಂಬಗಳು ಹೇಳಿದ ನೆನಪುಗಳನ್ನು.