9–9ಕ್ಕೆ ಬೇಕಾದ ಬ್ಯಾಟ್: ನನ್ನ ಅನುಭವ

ಕಳೆದ ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಟೇಬಲ್ ಟೆನಿಸ್ ಟೂರ್ನಮೆಂಟಿನ ಐವತ್ತು ದಾಟಿದವರ ವಿಭಾಗದ ಕ್ವಾರ್ಟರ್ ಫೈನಲ್ ಗೆದ್ದೆ. ಐದನೇ ಗೇಮು, 9–9. ಎದುರಿಗಿದ್ದವರು ಹಿಂದೆ ಮೂರು ಸಲ ಇದೇ ಹಂತದಲ್ಲಿ ನನ್ನನ್ನು ಕೆಡವಿದವರು. ಈ ಸಲ 11–9 ನನ್ನ ಪಾಲಿಗೆ ಬಂತು. ನನ್ನ ಕೈಯಲ್ಲಿದ್ದದ್ದು ಐದು ಪದರದ ಬರೀ ಮರದ ಬ್ಯಾಟ್. ಅದನ್ನು ಮೊದಲ ದಿನ ಮೈಸೂರಿನ ನಮ್ಮ ಕ್ಲಬ್ಬಿಗೆ ತಂದಾಗ ಹುಡುಗನೊಬ್ಬ, "ಏನ್ ಸಾರ್, ಸಮ್ಮರ್ ಕ್ಯಾಂಪ್ ಮಕ್ಕಳ ಬ್ಯಾಟ್ ತಂದಿದ್ದೀರಾ?" ಅಂದಿದ್ದ. ಹಿರಿಯರೂ ತಲೆ ಅಲ್ಲಾಡಿಸಿದ್ದರು. ಎಲ್ಲರೂ ವೇಗದ ಕಡೆ ಹೋಗುವಾಗ ನಾನು ಹಿಂದಕ್ಕೆ ಹೋಗುತ್ತಿದ್ದೇನೆ ಅನ್ನೋದು ಅವರ ಮಾತು.

ಅದಕ್ಕೂ ಮುಂಚೆ ಆರು ವರ್ಷ ಕಾರ್ಬನ್ ಬ್ಲೇಡಿನಲ್ಲಿ ಆಡಿದೆ. ಬ್ಲೇಡ್ ಅಂದರೆ ರಬ್ಬರ್ ಅಂಟಿಸುವ ಮರದ ಹಲಗೆ; ಅದಕ್ಕೆ ಕಾರ್ಬನ್ ಸೇರಿಸುವುದು ವೇಗಕ್ಕೆ. ಎರಡೂ ಕಡೆ ಗರಿಷ್ಠ ದಪ್ಪದ ಟೆನ್ಸರ್ ರಬ್ಬರ್, ಅದೂ ವೇಗದ್ದೇ. ಬ್ಯಾಟಿಗೆ ಒಟ್ಟು ಇಪ್ಪತ್ತಾರು ಸಾವಿರದ ಹತ್ತಿರ ಬಿತ್ತು. ಮೇಲೆ ವರ್ಷಕ್ಕೆ ಎರಡು ಸಲ ರಬ್ಬರ್. ಮನೆಯವಳು ಒಂದು ಸಲ ಲೆಕ್ಕ ಹಾಕಿ, "ಏನ್ರೀ, ಇದರಲ್ಲಿ ಒಂದು ಫ್ರಿಜ್ ಬರ್ತಿತ್ತಲ್ವಾ" ಅಂದಳು. ಬರುತ್ತಿತ್ತು. ಬ್ಯಾಟ್ ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಜೆ ಪ್ರಾಕ್ಟೀಸಿನಲ್ಲಿ ಅದರಲ್ಲಿ ನಾನು ಹೊಡೆಯುತ್ತಿದ್ದ ಲೂಪ್ (ಚೆಂಡಿಗೆ ಜೋರು ಸ್ಪಿನ್ ಕೊಡುವ ಹೊಡೆತ) ನೋಡಿ ಪಕ್ಕದ ಟೇಬಲ್ಲಿನವರು ಆಟ ನಿಲ್ಲಿಸುತ್ತಿದ್ದರು. ಟೂರ್ನಮೆಂಟಿನಲ್ಲಿ ಮಾತ್ರ 9–7ರಿಂದ ಸೋಲುತ್ತಿದ್ದೆ. ಒಂದೆರಡು ಸಲ ಅಲ್ಲ, ಮತ್ತೆ ಮತ್ತೆ.

ಎಲ್ಲರೂ ಹೇಳಿದ್ದು ಒಂದೇ: "ಮನಸ್ಸು ಗಟ್ಟಿ ಮಾಡ್ಕೊಳ್ಳಿ." ಬೆಳಿಗ್ಗೆ ಪ್ರಾಣಾಯಾಮ ಮಾಡಿದೆ, ಸೈಕಾಲಜಿಸ್ಟ್ ಹತ್ತಿರ ಮೂರು ಸಲ ಹೋದೆ. ನಿದ್ದೆ ಚೆನ್ನಾಗಿ ಬಂತು. 9–9ರಲ್ಲಿ ಕೈ ಬಿಗಿಯಾಗುವುದು ನಿಲ್ಲಲಿಲ್ಲ.

ನನ್ನ ಉಪಾಯ ಹುಟ್ಟಿದ್ದು ಒಂದು ನೋಟ್‌ಬುಕ್ಕಿನಿಂದ. ಒಂದು ವರ್ಷ, ಗೇಮ್ 9–9 ಅಥವಾ ಡ್ಯೂಸ್ (10–10) ತಲುಪಿದಾಗ ಪಾಯಿಂಟ್ ಹೇಗೆ ಹೋಯಿತು ಅಂತ ಬರೆದಿಟ್ಟೆ. ಅಂಥ ಹತ್ತು ಗೇಮಿನಲ್ಲಿ ಸುಮಾರು ಮೂರು ಗೆದ್ದಿದ್ದೆ. ಸೋತ ಪಾಯಿಂಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ರೀತಿ: ಸರ್ವಿಸ್ ರಿಸೀವ್ ಮಾಡುವಾಗ ನೆಟ್ ಹತ್ತಿರ ಮೆಲ್ಲಗೆ ಬೀಳಿಸಬೇಕಾದ ಶಾರ್ಟ್ ಪುಶ್ ಉದ್ದ ಹೋಗುವುದು, ಇಲ್ಲವೇ ಎದುರಿನ ಹೊಡೆತಕ್ಕೆ ಬ್ಯಾಟ್ ಅಡ್ಡ ಹಿಡಿದ ಬ್ಲಾಕ್ ಟೇಬಲ್ಲಿನ ಆಚೆ ಬೀಳುವುದು. ನೆಟ್ಟಿಗೆ ಹೋದದ್ದು ಬಹಳ ಕಡಿಮೆ. ಬಿಗಿ ಹಿಡಿದ ಕೈ, ವೇಗದ ಬ್ಯಾಟ್, ಚೆಂಡು ಹಾರದೆ ಏನು ಮಾಡುತ್ತದೆ? ಸಡಿಲ ಕೈಯಲ್ಲಿ ಬ್ಯಾಟ್ ಆರಿಸಿ, ಬಿಗಿ ಕೈಯಲ್ಲಿ ಆಡುತ್ತಿದ್ದೆ. ಹೆದರಿದ ನನ್ನ ಕೈಗೆ ಯಾವ ಬ್ಯಾಟ್ ಸರಿ ಅಂತ ಒಮ್ಮೆಯೂ ನೋಡಿರಲಿಲ್ಲ.

ಹಾಗಾಗಿ ಬ್ಯಾಟುಗಳನ್ನು 9–9ರಲ್ಲೇ ಪರೀಕ್ಷೆ ಮಾಡಲು ಶುರು ಮಾಡಿದೆ. ಗೇಮ್ ಶುರುವಾಗುವುದೇ 9–9ರಿಂದ. ಮೊದಲಿಗೆ ಹೆದರಿಕೆ ಬರಿಸಲು ಮೂರು ಮಹಡಿ ಮೆಟ್ಟಿಲು ಓಡಿ ಹತ್ತಿ ಬಂದು ಆಡಿದೆ. ಎದೆ ಹೊಡೆದುಕೊಂಡಿತು, ಕೈ ಮಾತ್ರ ಸಡಿಲವಾಗಿಯೇ ಇತ್ತು. ಓಡಿದ ಎದೆಬಡಿತ ಬೇರೆ, ಹೆದರಿದ ಎದೆಬಡಿತ ಬೇರೆ. ಆಮೇಲೆ ದುಡ್ಡು ಇಟ್ಟೆ. ಸೋತವರು ನೂರು ರೂಪಾಯಿ ಡಬ್ಬಿಗೆ ಹಾಕಬೇಕು, ಸುತ್ತಲೂ ಹುಡುಗರು ನಿಂತು ನೋಡಬೇಕು. ಆಗ ಕೈ ಸರಿಯಾಗಿ ಬಿಗಿಯಾಯಿತು! ನಾಲ್ಕು ತಿಂಗಳಲ್ಲಿ ನನ್ನ ಕಡೆಯಿಂದಲೇ ಐದಾರು ಸಾವಿರ ಡಬ್ಬಿಗೆ ಹೋಗಿರಬಹುದು. ಕ್ಲಬ್ಬಿಗೆ ಹೊಸ ನೆಟ್ ಬಂದದ್ದು ಅದರಲ್ಲೇ.

ಮಧ್ಯದಲ್ಲಿ ಬ್ಯಾಕ್‌ಹ್ಯಾಂಡಿಗೆ ಲಾಂಗ್ ಪಿಂಪಲ್ಸ್ (ಉದ್ದ ಗುಬುಟು ಹೊರಗೆ ಕಾಣುವ ರಬ್ಬರ್) ಹಾಕಿದ್ದೂ ಉಂಟು. ಸ್ಪಾಂಜ್ ಇಲ್ಲದ ಚೀನಾ ಶೀಟು, ಸಾವಿರದ ಎಂಟುನೂರೇನೋ ಕೊಟ್ಟೆ. ಪಿಂಪಲ್ಸ್ ಅಂದರೆ ಬಚ್ಚಿಟ್ಟುಕೊಳ್ಳುವವರ ರಬ್ಬರ್ ಅನ್ನುವವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್ ನೆನಪು ಮಾಡಿಕೊಳ್ಳಲಿ. ಮಣಿಕಾ ಬಾತ್ರಾ ಲಾಂಗ್ ಪಿಂಪಲ್ಸ್ ಇಟ್ಟುಕೊಂಡೇ ಸಿಂಗಾಪುರದ ಫೆಂಗ್ ಟಿಯಾನ್‌ವೇಯನ್ನು ಸೋಲಿಸಿದರು, ಸಿಂಗಲ್ಸ್ ಚಿನ್ನವನ್ನೂ ತಂದರು. ಕೈಯಲ್ಲಿ ಬ್ಯಾಟ್ ತಿರುಗಿಸಿ ತಿರುಗಿಸಿ ಆಡುವ ಅವರ ಆಟ ನನಗೆ ತುಂಬಾ ಇಷ್ಟ. ನನಗೂ ಪಿಂಪಲ್ಸ್ ಒಂದು ಮಟ್ಟಿಗೆ ಫಲ ಕೊಟ್ಟಿತು. ಜೋರಾಗಿ ಲೂಪ್ ಮಾಡುವವರಿಗೆ ಅವರದೇ ಸ್ಪಿನ್ ವಾಪಸ್ ಹೋಗುತ್ತಿತ್ತು. ಆದರೆ ಸ್ಪಿನ್ ಇಲ್ಲದ ಚೆಂಡನ್ನು ಸುಮ್ನೆ ತಳ್ಳುವವರ ಎದುರು ಸೋತೆ. ಇನ್ನೊಂದು ತೊಂದರೆ ದೊಡ್ಡದು. 9–9ರಲ್ಲಿ ಯಾವ ಕಡೆಯಿಂದ ಆಡಲಿ ಅನ್ನೋ ಯೋಚನೆಯೂ ಸೇರಿಕೊಂಡಿತು. ಹೆದರಿದ ತಲೆಗೆ ಇನ್ನೊಂದು ಪ್ರಶ್ನೆ ಕೊಡಬಾರದು. ನಾಲ್ಕನೇ ತಿಂಗಳಿಗೆ ಕಿತ್ತು ಇಟ್ಟೆ.

ಕೊನೆಗೆ ನಿಂತದ್ದು ಸ್ಟೀಗಾ ಆಲ್‌ರೌಂಡ್ ಕ್ಲಾಸಿಕ್ ಬ್ಲೇಡ್, ಎರಡೂ ಕಡೆ ಯಾಸಾಕಾ ಮಾರ್ಕ್ ವಿ. ಫೋರ್‌ಹ್ಯಾಂಡಿಗೆ 2.0, ಬ್ಯಾಕ್‌ಹ್ಯಾಂಡಿಗೆ 1.8 ಮಿ.ಮೀ. ಮಾರ್ಕ್ ವಿ 1969ರಿಂದ ಇರುವ ರಬ್ಬರ್. ಎಲ್ಲ ಸೇರಿ ಹತ್ತು ಸಾವಿರ ಚಿಲ್ಲರೆ. ಅಡುಗೆಮನೆ ತಕ್ಕಡಿಯಲ್ಲಿ ಹಳೆ ಬ್ಯಾಟ್ 190 ಗ್ರಾಂ ಹತ್ತಿರ ಇತ್ತು, ಇದು 170ರ ಆಸುಪಾಸು. ಮೊದಲ ಜೋಡಿ ರಬ್ಬರನ್ನು ನಾನೇ ಅಂಟಿಸಲು ಹೋಗಿ ಹಾಳು ಮಾಡಿದೆ. ಗೋಂದು ಪೂರ್ತಿ ಒಣಗುವ ಮೊದಲೇ ಒತ್ತಿದ್ದೆ, ಗುಳ್ಳೆ ಎದ್ದವು. ಸುಮಾರು ಮೂರು ಸಾವಿರದ ಶೀಟು ಹೋಯಿತು. ಹಿಡಿಯನ್ನು ಮರಳುಕಾಗದದಿಂದ ಸ್ವಲ್ಪ ಉಜ್ಜಿದ್ದೇನೆ, ಕೈ ಬಿಗಿದರೂ ಬೆರಳು ಬಿಗಿಯದ ಹಾಗೆ. ಎಲ್ಲಿ, ಎಷ್ಟು ಅನ್ನೋದನ್ನು ಹೇಳಲ್ಲ. ಅದಕ್ಕೆ ಎರಡು ಬ್ಲೇಡ್ ಬಲಿ ಕೊಟ್ಟಿದ್ದೇನೆ.

ಮೊದಲ ಎರಡು ತಿಂಗಳು ಕಷ್ಟವಾಯಿತು. ಹಿಂದೆ ಒಂದೇ ಏಟಿಗೆ ಮುಗಿಯುತ್ತಿದ್ದ ಪಾಯಿಂಟಿಗೆ ಈಗ ಮೂರು ಏಟು ಬೇಕು. ಕಾಲು ನೋವು ಬಂತು. ಸೋತಾಗಲೆಲ್ಲ ಹುಡುಗರು ಬ್ಯಾಟ್ ಕಡೆ ನೋಡುತ್ತಿದ್ದರು. ಆದರೆ ನೋಟ್‌ಬುಕ್ ಬೇರೆ ಹೇಳುತ್ತಿತ್ತು: ಉದ್ದ ಹೋಗುವ ಪುಶ್ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಬಿಗಿ ಕೈಯಲ್ಲಿ ತಪ್ಪು ಹೊಡೆದರೂ ಚೆಂಡು ಟೇಬಲ್ ಮೇಲೇ ಬೀಳುತ್ತಿತ್ತು. ಆರು ತಿಂಗಳಿಗೆ ಹತ್ತಕ್ಕೆ ಮೂರು ಇದ್ದದ್ದು ಹತ್ತಕ್ಕೆ ಆರಾಯಿತು. ತಮಾಷೆ ಮಾಡಿದ್ದ ಹುಡುಗನ ನೂರು ರೂಪಾಯಿ ಡಬ್ಬಿಗೆ ಎಷ್ಟು ಸಲ ಬಿತ್ತೋ ಲೆಕ್ಕವಿಲ್ಲ.

ಕೈ ಬಿಗಿಯುವುದು ಕಡಿಮೆಯಾದದ್ದು ಆಮೇಲೆ. ಚೆಂಡು ಒಳಗೆ ಬೀಳುತ್ತದೆ ಅನ್ನೋ ನಂಬಿಕೆ ಬಂದ ಮೇಲೆ ಹೆದರಿಕೆ ತಾನಾಗಿ ಇಳಿಯಿತು. ನನಗೆ ಮೊದಲು ಬ್ಯಾಟ್, ಆಮೇಲೆ ಮನಸ್ಸು. ಎಲ್ಲರೂ ಹೇಳಿದ್ದು ಇದರ ಉಲ್ಟಾ.

ಇನ್ನೊಂದು ವಿಷಯ, ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು. ಪ್ರತಿ ಆರು ಪಾಯಿಂಟಿಗೆ ಟವೆಲ್ ತಗೊಳ್ಳಬಹುದು ಅಂತ ನಿಯಮ ಇದೆಯಲ್ಲ. 9–9 ಅಂದರೆ ಹದಿನೆಂಟು. ಸರಿಯಾಗಿ ಹೆದರಿಕೆಯ ಜಾಗದಲ್ಲೇ ಟವೆಲ್! ಮೊದಲು ಬೇಗ ಮುಗಿಸುವ ಅವಸರದಲ್ಲಿ ಅದನ್ನು ಬಿಟ್ಟುಬಿಡುತ್ತಿದ್ದೆ. ಈಗ ಬೆವರು ಇಲ್ಲದಿದ್ದರೂ ಹೋಗುತ್ತೇನೆ. ಮುಖ ಒರೆಸುವಾಗ ಮುಂದಿನ ಒಂದೇ ಒಂದು ಚೆಂಡು ಎಲ್ಲಿಗೆ ಅಂತ ತೀರ್ಮಾನ ಮಾಡುತ್ತೇನೆ. ಸರ್ವಿಸ್ ನನ್ನದಾದರೆ ಹಾಕುವುದು ಒಂದೇ ಸರ್ವಿಸ್. ಅದು ಯಾವುದು ಅಂತ ಬರೆದರೆ ಮುಂದಿನ ಟೂರ್ನಮೆಂಟಿಗೆ ನಾನು ಹೋಗುವುದೇ ಬೇಡ.

ಮಂಗಳೂರಿಗೆ ಮಳೆಗಾಲದಲ್ಲಿ ಹೋಗುವವರಿಗೆ ಒಂದು ಮಾತು. ಹಿಂದೊಮ್ಮೆ ಏಸಿ ಕಾರಿನಿಂದ ಬ್ಯಾಟನ್ನು ನೇರ ಆಟದ ಹಾಲ್‌ಗೆ ಒಯ್ದಿದ್ದೆ. ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವ ಹಾಗೆ ರಬ್ಬರ್ ಮೇಲೆ ತೇವ ಕೂತು ಚೆಂಡು ಜಾರಿತು, ಮೊದಲ ಗೇಮ್ ಹೋಯಿತು. ಈ ಸಲ ಅರ್ಧ ಗಂಟೆ ಮುಂಚೆ ಹಾಲ್‌ನಲ್ಲಿ ಕವರ್ ತೆಗೆದು ಇಟ್ಟೆ, ಒಣ ಹತ್ತಿ ಬಟ್ಟೆ ಜೇಬಿನಲ್ಲಿ.

ಸೆಮಿಫೈನಲ್ 3–1ರಲ್ಲಿ ಸೋತೆ. ಸೋತ ಮೂರು ಗೇಮೂ 9–9 ತಲುಪಲೇ ಇಲ್ಲ. ಮೂರರಲ್ಲೂ ಮೊದಲ ನಾಲ್ಕೈದು ಪಾಯಿಂಟಿನಲ್ಲೇ ಹಿಂದೆ ಬಿದ್ದಿದ್ದೆ. ನೋಟ್‌ಬುಕ್ಕಿನಲ್ಲಿ ಈಗ ಹೊಸ ಪುಟ ಶುರುವಾಗಿದೆ: 0–0ರಿಂದ 4ರ ತನಕ. ಡಬ್ಬಿ ಮತ್ತೆ ಟೇಬಲ್ ಪಕ್ಕಕ್ಕೆ ಬಂದಿದೆ.